ಅಣ್ಣನ ಬಿಲ್ಲೆಯ ಮೇಲೆ ತಮ್ಮನ ಹಲ್ಲು

ನಮ್ಮ ಮನೆಯವರು ಯುದ್ಧಕ್ಕೆ ಹೋದದ್ದು ದೇಶಕ್ಕಾಗಿಯೂ ಅಲ್ಲ, ದೊರೆಗಾಗಿಯೂ ಅಲ್ಲ. ಅವರಿಗೆ ಲಾರಿ ಓಡಿಸುವ ಹುಚ್ಚಿತ್ತು. ಬಳ್ಳಾರಿಯ ಹತ್ತಿ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದವರ ಕೈಗೆ ಲಾರಿ ಯಾರು ಕೊಡುತ್ತಾರೆ? ಮಿಲಿಟರಿಯವರು ಕೊಡುತ್ತೇವೆ ಅಂದರು, ಇವರು ಹೊರಟೇಬಿಟ್ಟರು. ನಾನು ಮದುವೆಯಾಗಿ ಕುರುಗೋಡಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಳುತ್ತಾ ಕಳಿಸಿಕೊಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಮನುಷ್ಯನ ಪರಿಚಯವೇ ನನಗೆ ಸರಿಯಾಗಿ ಆಗಿರಲಿಲ್ಲ, ಇನ್ನು ಅಳುವುದೆಲ್ಲಿಂದ ಬರಬೇಕು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಒಳಗೆ ಬಂದೆ.

ಯುದ್ಧಕ್ಕೆ ಹೋದವರ ಜಾಗವನ್ನು ಗಿರಣಿ ಹಾಗೆಯೇ ಇಟ್ಟಿರುತ್ತದೆ, ಅವರು ಬರುವ ತನಕ ಮನೆಮಂದಿ ಗಿರಣಿಯ ದವಾಖಾನೆಗೆ ಬರಬಹುದು ಎಂದು ಮಾಲೀಕರು ಗೇಟಿನ ಮುಂದೆ ಡಂಗುರ ಸಾರಿಸಿದ್ದರು. ಗುರುತಿಗೆ ಕೆಲಸಗಾರನ ಹಿತ್ತಾಳೆ ಬಿಲ್ಲೆ ತೋರಿಸಬೇಕಿತ್ತು. ಇವರು ಹೋಗುವಾಗ ತಮ್ಮ ಬಿಲ್ಲೆಯನ್ನು ಅಡುಗೆಮನೆಯ ಗೋಡೆಗೆ ನೇತುಹಾಕಿ ಹೋದರು. ಬೇರೆ ಸೊಸೆಯರಿಗೆ ಗಂಡಂದಿರು ಒಡವೆ ಬಿಟ್ಟು ಹೋಗುತ್ತಿದ್ದರೇನೋ, ನನಗೆ ಸಿಕ್ಕಿದ್ದು ಅದು.

ಅದರ ಬೆಲೆ ಗೊತ್ತಿದ್ದದ್ದು ನನ್ನ ಅತ್ತೆಗೆ. ಅವರಿಗೆ ದಮ್ಮಿನ ಕಾಯಿಲೆ. ಬಂದರೆ ಗೋಡೆಗೆ ಎರಡೂ ಕೈ ಊರಿ ನಿಂತು, ಕಣ್ಣು ಹೊರಬರುವಂತೆ ಉಸಿರನ್ನು ಎಳೆಯುತ್ತಿದ್ದರು. ಲೋಬಾನದ ಹೊಗೆ, ಆಡುಸೋಗೆ ಕಷಾಯ, ಎಲ್ಲಾ ಮಾಡಿ ನೋಡಿಯಾಗಿತ್ತು. ದಮ್ಮು ಬಗ್ಗಿದ್ದು ಗಿರಣಿ ಡಾಕ್ಟರು ಮಾಡುವ ಒಂದು ಸೂಜಿಗೆ ಮಾತ್ರ. ಅದು ಒಳಗೆ ಹೋದ ಸ್ವಲ್ಪ ಹೊತ್ತಿಗೆ ನಮ್ಮ ಅತ್ತೆ ಮತ್ತೆ ನನ್ನನ್ನು ಬೈಯುವಷ್ಟು ಗಟ್ಟಿಯಾಗುತ್ತಿದ್ದರು. ಯುದ್ಧದ ಕಾಲದಲ್ಲಿ ಆ ಔಷಧ ಹೊರಗೆ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಆ ಬಿಲ್ಲೆ ಇದ್ದರೆ ಅತ್ತೆಗೆ ಉಸಿರು, ಇಲ್ಲದಿದ್ದರೆ ಇಲ್ಲ.

ಇವರ ಜಾಗಕ್ಕೆ ಗಿರಣಿಯವರು ಬದಲಿ ಆಳನ್ನು ಕೇಳಿದಾಗ ಸಿರುಗುಪ್ಪದಲ್ಲಿ ಸೋದರಮಾವನ ಭತ್ತದ ಗದ್ದೆಯಲ್ಲಿದ್ದ ಮೈದುನ ಬಂದು ನಿಂತ. ಒಳ್ಳೆಯ ಹುಡುಗ, ಆದರೆ ಗಿರಣಿಯ ಸದ್ದಿಗೆ ಮೊದಲ ತಿಂಗಳೆಲ್ಲಾ ಕಿವಿಗೆ ಹತ್ತಿ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದ. ಬದಲಿಯವರಿಗೆ ಸಂಬಳ ಉಂಟು, ಬಿಲ್ಲೆ ಇಲ್ಲ, ದವಾಖಾನೆಯೂ ಇಲ್ಲ. ಯುದ್ಧದಲ್ಲಿರುವವನ ಅವ್ವನಿಗೆ ಔಷಧ ಉಂಟು, ಅವನ ಜಾಗದಲ್ಲಿ ಬೆವರು ಸುರಿಸುವವನಿಗೆ ಇಲ್ಲ. ಈ ನ್ಯಾಯವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ, ನಾವಂತೂ ತಕರಾರು ಮಾಡಲಿಲ್ಲ.

ಎರಡನೆಯ ವರ್ಷ ಮೈದುನನಿಗೆ ದವಡೆ ಊದಿತು. ಲವಂಗ ಕಚ್ಚಿದ, ಉಪ್ಪುನೀರು ಮುಕ್ಕಳಿಸಿದ, ಕೊನೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಸ್ಥಿತಿಗೆ ಬಂದ. ಅತ್ತೆ ಗೋಡೆಯ ಮೇಲಿನ ಬಿಲ್ಲೆಯನ್ನು ತೆಗೆದು ಅವನ ಕೈಗಿಟ್ಟರು.

“ಇದು ಅಣ್ಣಂದಲ್ಲೇನವ್ವ?” ಅಂದ ಅವನು, ಅರ್ಧ ಬಾಯಲ್ಲಿ.

“ತಗೊಂಡು ಹೋಗಲೇ. ಹಲ್ಲಿನ ಮ್ಯಾಲೆ ಏನು ಹೆಸರು ಬರದಿರ್ತೈತೇನು?”

ಅವನು ಹೋಗಿ ಅಣ್ಣನ ಹೆಸರು ಹೇಳಿ, ಮಿಲಿಟರಿಯಿಂದ ರಜೆಗೆ ಬಂದಿದ್ದೇನೆ ಅಂದ. ಡಾಕ್ಟರು ಎರಡು ದವಡೆಹಲ್ಲು ಕಿತ್ತು ಕಳಿಸಿದರು. ಮದ್ರಾಸಿನ ಕಡೆಯಿಂದ ಬಂದ ತೆಲುಗಿನವರು ಅವರು. ಮುಖ ಅವರಿಗೆ ನೆನಪಿರುತ್ತಿರಲಿಲ್ಲ, ರೋಗ ಮರೆಯುತ್ತಿರಲಿಲ್ಲ. ಬಜಾರಿನಲ್ಲಿ ಎದುರಾದವರನ್ನು “ಏಮಯ್ಯಾ, ನಿನ್ನ ಮೂಲವ್ಯಾಧಿ ಹೇಗಿದೆ?” ಎಂದು ನಾಲ್ಕು ಜನರ ಮುಂದೆ ಕೇಳಿಬಿಡುತ್ತಿದ್ದರು. ಅತ್ತೆ ಸೂಜಿಗೆ ಹೋದಾಗೆಲ್ಲ “ಮಗನ ದವಡೆ ವಾಸಿಯಾಯಿತಾ?” ಎಂದು ವಿಚಾರಿಸುತ್ತಿದ್ದರು. ಅತ್ತೆ ಮುಖದ ಒಂದು ಗೆರೆಯೂ ಅಲುಗದಂತೆ “ಆರಾಮ ಅದಾನ್ರಿ” ಅನ್ನುತ್ತಿದ್ದರು. ಆ ವಿದ್ಯೆಯಲ್ಲಿ ಅವರು ಗಟ್ಟಿ.

ಅಷ್ಟರಲ್ಲಿ ಪಕ್ಕದ ಓಣಿಯ ಕೆಲಸಗಾರನೊಬ್ಬ ತನ್ನ ಬಿಲ್ಲೆಯನ್ನು ನೆಂಟನಿಗೆ ಕೊಟ್ಟು ಹುಣ್ಣಿಗೆ ಪಟ್ಟಿ ಕಟ್ಟಿಸಿದ್ದು ಗಿರಣಿ ಆಫೀಸಿಗೆ ಗೊತ್ತಾಯಿತು. ಆ ಕೆಲಸಗಾರನನ್ನು ಕೆಲಸದಿಂದ ಬಿಡಿಸಿದರು. ಅವನ ಹೆಂಡತಿ ಹಸಿ ಬಾಣಂತಿ, ಅವಳಿಗೂ ದವಾಖಾನೆಯ ಬಾಗಿಲು ಮುಚ್ಚಿತು. 

ಯುದ್ಧ ಮುಗಿದ ಮರುವರ್ಷ ಇವರು ಬಂದರು. ಕಪ್ಪಗಾಗಿದ್ದರು, ತೆಳ್ಳಗಾಗಿದ್ದರು, ಆದರೆ ಬಾಯಿ ತುಂಬ ಹಲ್ಲು. ಮಿಲಿಟರಿಯಲ್ಲಿ ಹಲ್ಲಿನ ಡಾಕ್ಟರೇ ಬೇರೆ ಇದ್ದನಂತೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿ ನೋಡುತ್ತಿದ್ದನಂತೆ, ಇವರ ಬಾಯಿ ನೋಡಿದ ಮೇಲೆ ಬೇರೆಯವರನ್ನು ಕರೆದು ತೋರಿಸಿದನಂತೆ. ಇದನ್ನು ಬಂದ ದಿನವೇ ಮೂರು ಸಲ ಹೇಳಿದರು. ಒಣಗಿದ ಜೋಳದ ರೊಟ್ಟಿಯನ್ನು ಕರಕರ ಕಡಿದು ತಿನ್ನುವಾಗ ನನ್ನ ಕಡೆ ಒಮ್ಮೆ ನೋಡುತ್ತಿದ್ದರು, ನೋಡಿದೆಯಾ ಎನ್ನುವ ಹಾಗೆ. ನನಗೆ ಒಳಗೊಳಗೇ ನಗು ಬರುತ್ತಿತ್ತು. ಆ ನಗುವಿನಲ್ಲಿ ಸ್ವಲ್ಪ ಇಷ್ಟವೂ ಇತ್ತೆಂದು ಈಗ ಒಪ್ಪಿಕೊಳ್ಳಲು ನನಗೇನೂ ಅಡ್ಡಿಯಿಲ್ಲ.

ಗಿರಣಿಗೆ ಹೋಗಿ ಬಂದು, ಜಾಗ ಕೊಡುತ್ತಾರೆಂದು ಹೇಳಿದರು. ಒಂದೇ ಶರತ್ತು. ಯುದ್ಧದಿಂದ ಬಂದವರನ್ನು ಗಿರಣಿ ಡಾಕ್ಟರು ತಲೆಯಿಂದ ಕಾಲಿನ ತನಕ ನೋಡಿ ಗಟ್ಟಿಯಿದ್ದಾನೆ ಎಂದು ಹೇಳಬೇಕು. ಮೈದುನ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ನನ್ನ ಮುಖ ನೋಡಿದ. ಅತ್ತೆ ಒಳಗೆ ಮಲಗಿದ್ದರು. ನಾವು ಮೂವರೂ ಹಿತ್ತಲಿಗೆ ಹೋದೆವು.

“ಅಣ್ಣಾ, ಆ ಡಾಕ್ಟ್ರ ಲೆಕ್ಕದಾಗ ನಿನಗ ಎರಡು ದವಡಿಹಲ್ಲು ಇಲ್ಲ,” ಅಂದ ಮೈದುನ. ನಡೆದದ್ದನ್ನೆಲ್ಲ ಹೇಳಿದ. ಅವನೇ ಹೋಗಿ ಡಾಕ್ಟರ ಮುಂದೆ ಬಾಯಿ ತೆರೆದರೆ? ಆಗುವುದಿಲ್ಲ, ಜೊತೆಗೆ ಆಫೀಸಿನ ಗುಮಾಸ್ತ ಬರುತ್ತಾನೆ, ಅವನಿಗೆ ಇಬ್ಬರ ಮುಖವೂ ಗೊತ್ತು. ನಿಜ ಹೇಳಿದರೆ? ಪಕ್ಕದ ಓಣಿಯ ಮನೆಯ ಗತಿ ನಮಗೂ. “ನಾನು ಹೋಗಿ ತಪ್ಪೊಪ್ಪಿಕೊಂತೀನಿ, ನನ್ನನ್ನ ಬಿಡಿಸಿದ್ರ ಬಿಡಿಸ್ಲಿ,” ಅಂದ ಅವನು. ಅವನನ್ನು ಬಿಡಿಸುವುದು ಯಾರಿಗೆ ಬೇಕಾಗಿತ್ತು? ಬಿಲ್ಲೆ ಹೋದರೆ ಸೂಜಿ ಹೋಗುತ್ತದೆ. ಇವರು ಬಾವಿಯ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಆಮೇಲೆ ತಮ್ಮನನ್ನು ಎದುರಿಗೆ ಕೂರಿಸಿಕೊಂಡು “ಎಲ್ಲಿ, ಯಾವು? ತೋರ್ಸು,” ಅಂದರು. ಮೈದುನ ಬಾಯಿ ಅಗಲಿಸಿ ಬೆರಳಿಟ್ಟ. “ಈ ಕಡೀವು, ಮ್ಯಾಲಿನವು, ಹಿಂದಿನ ಎರಡು.” ಇವರು ಅವನನ್ನೇ ನೋಡುತ್ತಾ ತಮ್ಮ ಬಾಯಲ್ಲೂ ಅದೇ ಕಡೆಗೆ ಬೆರಳಿಟ್ಟುಕೊಂಡರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಅತ್ತೆಗೆ, ಸೋದರಮಾವನನ್ನು ನೋಡಿ ಬರುತ್ತೇವೆಂದು ಹೇಳಿ ಇವರು ನನ್ನನ್ನು ಸಿರುಗುಪ್ಪದ ಬಸ್ಸು ಹತ್ತಿಸಿದರು. ಪೆಟ್ರೋಲು ಸಿಗದ ಕಾಲ, ಇದ್ದಿಲಿನ ಹೊಗೆಯ ಮೇಲೆ ಓಡುವ ಬಸ್ಸು, ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ತೆಕ್ಕಲಕೋಟೆ ದಾಟಿದ ಮೇಲೆ ವಿಷಯ ಹೇಳಿದರು. ಬಳ್ಳಾರಿಯಲ್ಲಿ ಕೀಳಿಸಿದರೆ ಯಾರಾದರೂ ನೋಡಿಯಾರು, ಅದಕ್ಕೇ ಸಿರುಗುಪ್ಪದ ಸಂತೆ.

ನನಗೆ ಮೈಯೆಲ್ಲ ಉರಿಯಿತು. ಅಲ್ಲಿಯತನಕ ಅವರಿಗೆ ಎದುರು ಮಾತಾಡಿದವಳಲ್ಲ.

“ತಲಿ ಕೆಟ್ಟೈತೇನ್ರಿ ನಿಮಗ? ಗಟ್ಟಿ ಹಲ್ಲು ಯಾರರ ಕೀಳಿಸಿಕೊಂತಾರೇನು?”

“ಈ ಕಡಿ ಹೋದ್ರ ಆ ಕಡಿ ಅಗಿತೀನಿ,” ಅಂದರು ಇವರು, ಕಿಟಕಿಯಿಂದ ಹೊರಗೆ ನೋಡುತ್ತಾ. “ಅವ್ವಗ ಉಸಿರಾಡಾಕ ಇನ್ನೊಂದು ಕಡಿ ಐತೇನು?”

ಸಿರುಗುಪ್ಪದಲ್ಲಿ ಅವರ ಹಿಂದೆ ನಾನೂ ಇಳಿದೆ. 

ಸಂತೆಯಲ್ಲಿ ಭತ್ತದ ಗಾಡಿಗಳ ಸಾಲು ಮುಗಿಯುವಲ್ಲಿ ಹಲ್ಲು ಕೀಳುವವನು ಕೂರುತ್ತಿದ್ದ. ಮುಂದೆ ಒಂದು ಕೆಂಪು ಬಟ್ಟೆ, ಅದರ ಮೇಲೆ ಅವನು ಕಿತ್ತ ಹಲ್ಲುಗಳ ಗುಡ್ಡೆ, ಗಿರಾಕಿಗಳಿಗೆ ಧೈರ್ಯ ಬರಲೆಂದು. ಅವನು ಇಕ್ಕಳದ ತುದಿಯಿಂದ ಇವರ ಹಲ್ಲನ್ನು ತಟ್ಟಿ ನೋಡಿ ಹಿಂದೆ ಸರಿದ. “ಕಲ್ಲಿದ್ದಂಗ ಅದಾವಲ್ಲರಿ ಇವು. ನೋವು ಎಲ್ಲೈತಿ?” “ಐತಿ, ಕೀಳು,” ಅಂದರು ಇವರು. ಅವನು ನನ್ನ ಕಡೆ ನೋಡಿದ. ನಾನು ಭತ್ತದ ಗಾಡಿಗಳ ಕಡೆ ತಿರುಗಿದೆ. ಕೊಳೆತ ಹಲ್ಲಾಗಿದ್ದರೆ ಬೇಗ ಬರುತ್ತಿತ್ತು, ಇವು ಬರಲೊಲ್ಲವು. ಇವರು ಒಂದು ಸಲವೂ ಕೂಗಲಿಲ್ಲ. ಆದರೆ ಅಷ್ಟು ಜನರ ನಡುವೆ ನನ್ನ ಮುಂಗೈ ಹಿಡಿದುಕೊಂಡರು, ಬಳೆ ಒಡೆದು ಚರ್ಮಕ್ಕೆ ಚುಚ್ಚಿತು. ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮನುಷ್ಯನ ಪರಿಚಯ ನನಗೆ ಆದದ್ದು ಅಲ್ಲಿ.

ಬಾಯಿಗೆ ಬಟ್ಟೆ ಒತ್ತಿಕೊಂಡು ಬಂದ ಮಗನನ್ನು ನೋಡಿ ಅತ್ತೆ ಏನಾಯಿತೆಂದು ಕೇಳಿದರು. ಹಲ್ಲುನೋವಿತ್ತು, ಕೀಳಿಸಿದೆವು ಅಂದೆ. ಅವರು ನಂಬಿದರೋ ಇಲ್ಲವೋ, ಅಂಬಲಿ ಕಾಸಲು ಹೇಳಿದರು. ಗಾಯ ಮಾಯಲಿ ಎಂದು ಜ್ವರದ ನೆಪ ಹೇಳಿ ಡಾಕ್ಟರ ತಪಾಸಣೆಯನ್ನು ಒಂದಿಷ್ಟು ದಿನ ಮುಂದಕ್ಕೆ ಹಾಕಿಸಿದೆವು.

ತಪಾಸಣೆಯ ದಿನ ಅತ್ತೆಯ ಔಷಧದ ಶೀಷೆ ಹಿಡಿದು ನಾನೂ ದವಾಖಾನೆಯ ಬಾಗಿಲಲ್ಲಿ ನಿಂತಿದ್ದೆ. ಗುಮಾಸ್ತ ಮುಂಬಯಿ ಕಡೆಯವನು, ಕಿಟಕಿಗೆ ಒರಗಿ ನಿಂತಿದ್ದ. ಡಾಕ್ಟರು ಬಿಲ್ಲೆ ನೋಡಿದರು, ಎದೆ, ಬೆನ್ನು, ಕಾಲು ನೋಡಿದರು. “ನಿನ್ನ ಹಲ್ಲು ನಾನೇ ಅಲ್ಲವಾ ಕಿತ್ತದ್ದು? ಬಾಯಿ ತೆರಿ,” ಅಂದರು. ಇವರು ತೆರೆದರು. ಡಾಕ್ಟರು ಬಗ್ಗಿ ನೋಡಿದರು. ದೀಪ ತರಿಸಿ ಮತ್ತೊಮ್ಮೆ ನೋಡಿದರು. ಆಮೇಲೆ ಗುಮಾಸ್ತನ ಕಡೆಗೊಮ್ಮೆ ಕಣ್ಣು ಹಾಯಿಸಿ, ನಮಗೆ ಬರುವ, ಅವನಿಗೆ ಬಾರದ ತೆಲುಗಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: ನಾನು ಕಿತ್ತದ್ದು ಬಲಗಡೆಯವು.

ನನಗೆ ಆಗ ತಿಳಿಯಿತು. ಆ ದಿನ ಹಿತ್ತಲಲ್ಲಿ ಅಣ್ಣತಮ್ಮಂದಿರು ಎದುರುಬದುರು ಕೂತಿದ್ದರು. ಎದುರು ಕೂತವನ ಬಲಗೆನ್ನೆ ನೋಡುವವನ ಎಡಗೆನ್ನೆಯ ಕಡೆಗಿರುತ್ತದೆ. ತಮ್ಮ ತೋರಿಸಿದ ಕಡೆಗೆ ಅಣ್ಣ ಬೆರಳಿಟ್ಟುಕೊಂಡರು, ಎಡಗಡೆಯವನ್ನು ಕೀಳಿಸಿ ಬಂದರು. ಮೂವರಿದ್ದೆವು, ಮೂವರಿಗೂ ಹೊಳೆಯಲಿಲ್ಲ.

ಇವರು ಬಾಯಿ ತೆರೆದುಕೊಂಡೇ ಕೂತಿದ್ದರು. ಡಾಕ್ಟರು ಕೈ ತೊಳೆದರು, ನಿಧಾನವಾಗಿ ಒರೆಸಿಕೊಂಡರು. ಗುಮಾಸ್ತನಿಗೆ ಕೇಳುವಂತೆ “ಫಿಟ್” ಅಂದರು. ಇವರು ಅಂಗಿ ಹಾಕಿಕೊಳ್ಳುವಾಗ ಮತ್ತೆ ತೆಲುಗಿನಲ್ಲಿ, ಇಂಥ ಕೆಲಸ ಮಾಡುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ, ಅಂದರು. ಕೇಳಿದ್ದರೆ ಅವರು ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಆಗ ಮಾತ್ರ ಅವರ ಮೇಲೆ ವಿಪರೀತ ಸಿಟ್ಟು ಬಂತು. ಇಷ್ಟು ಒಳ್ಳೆಯವರೆಂದು ಮೊದಲೇ ಗೊತ್ತಾಗುವಂತೆ ನಡೆದುಕೊಳ್ಳಬಾರದಿತ್ತೇ?

ಮನೆಗೆ ಬಂದು ಹೇಳಿದಾಗ ಮೈದುನ ನಗಲು ಶುರುಮಾಡಿ, ನಡುವೆಯೇ ಎದ್ದು ಹಿತ್ತಲಿಗೆ ಹೋದ. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಬಂದು ಮಗನ ಗದ್ದ ಹಿಡಿದು, ಎಳೆ ಮಗುವಿನ ಬಾಯಿ ನೋಡುವ ಹಾಗೆ ಎಡಗಡೆ ನೋಡಿದರು, ಬಲಗಡೆ ನೋಡಿದರು. “ಬಿಲ್ಲಿ ಕೊಟ್ಟಾಕಿ ನಾನು. ನನ್ನ ಹಲ್ಲು ಕೀಳಿಸಬೇಕಿತ್ತು ನೀನು,” ಅಂದರು. ಇನ್ನು ಆ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ ಎಂದೂ ಅಂದರು.

ಹಾಗೇ ಮಾಡಿದರು. ದಮ್ಮು ಬಂದಾಗ ಗೋಡೆಗೆ ಕೈ ಊರಿ ನಿಂತರು, ತುಟಿ ನೀಲಿಯಾಯಿತು, ದವಾಖಾನೆಗೆ ಕರೆದರೆ ಬೇಡವೆಂದು ತಲೆ ಅಲ್ಲಾಡಿಸಿದರು. ಗಂಡಸರಿಬ್ಬರೂ ಗಿರಣಿಗೆ ಹೋಗಿದ್ದರು. ಇವರಿಗೆ ತಮ್ಮ ಹಳೆಯ ಜಾಗ, ಮೈದುನನಿಗೆ ಬೇರೊಬ್ಬನ ಬದಲಿ. ಮನೆಯಲ್ಲಿ ನಾನೊಬ್ಬಳೇ. ಬೇಡಿಕೊಂಡೆ, ಕೇಳಲಿಲ್ಲ. ಕೊನೆಗೆ ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ಅವರ ಮುಂದೆ ಹೋಗಿ ನಿಂತೆ. ಸೊಸೆಯಾಗಿ ಆ ಮನೆಗೆ ಬಂದ ಮೇಲೆ ಅವರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಹಲ್ಲು ಹೋಗಿದ್ದು ಯಾಕಂತ ಮಾಡೀರಿ? ನೀವು ಹಿಂಗ ನಿಂತು ಸಾಯಾಕೇನು? ನಡೀರಿ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಗೋಡೆಯಿಂದ ಒಂದು ಕೈ ತೆಗೆದು ನನ್ನ ಹೆಗಲ ಮೇಲೆ ಇಟ್ಟರು.