ಸಿಸ್ಟರ್ ಮತ್ತು ನಾಲ್ವರು ಪ್ರವಾದಿನಿಯರು

ಮಾತಿಗೆ ನಿಂತರೆ ಸಿಸ್ಟರ್ ಅವರ ಕತ್ತಿನ ಬಲಗಡೆಯ ನರ ಉಬ್ಬಿಕೊಳ್ಳುತ್ತಿತ್ತು. ದನಿ ಮಾತ್ರ ಮೆತ್ತಗೆ. ಕೊಲ್ಲಿ ನಾಡಿನ ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ನಡುವಿನ ಸಣ್ಣ ಕ್ಲಿನಿಕ್ಕಿನಲ್ಲಿ ಅವರು ನರ್ಸು. ಕೈ ಸುಟ್ಟುಕೊಂಡು ಬಂದ ವೆಲ್ಡರುಗಳನ್ನು ಅದೇ ಮೆತ್ತನೆಯ ದನಿಯಲ್ಲಿ ಗದರುತ್ತ ಮುಲಾಮು ಹಚ್ಚುತ್ತಿದ್ದರು. ಗದಗ-ಬೆಟಗೇರಿಯವರು, ಮದುವೆಯಾಗಿರಲಿಲ್ಲ. ಇಂಟರ್‌ನ್ಯಾಷನಲ್ ಸಿಟಿ ಎಂಬ ಹೊಸ ಬಡಾವಣೆ ಆಗಷ್ಟೇ ತುಂಬುತ್ತಿದ್ದ ವರ್ಷಗಳಲ್ಲಿ ನಾವಿಬ್ಬರೂ ಅಲ್ಲೊಂದು ಫ್ಲಾಟ್ ಹಂಚಿಕೊಂಡಿದ್ದೆವು. ನಾನು ಮೈಸೂರಿನವಳು, ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ಕೆಲಸ, ದೇವರ ವಿಷಯದಲ್ಲಿ ಸೋಮಾರಿ.

ಅವರಿಗೆ ವಾರವೆಂದರೆ ಶುಕ್ರವಾರ. ಅಂದು ಬೆಳಿಗ್ಗೆ ಕರಾಮಾ ಬಡಾವಣೆಯಿಂದ ಸಭೆಯ ಹಿರಿಯರ ಕಾರು ಬಂದು ಅವರನ್ನು ಅಲ್ಲಿನ ಕನ್ನಡ ಕ್ರೈಸ್ತ ಪ್ರಾರ್ಥನಾ ಕೂಟಕ್ಕೆ ಕರೆದೊಯ್ಯುತ್ತಿತ್ತು. ಉಳಿದ ದಿನಗಳೆಲ್ಲ ಹಿಂದಿ, ಮಲಯಾಳಂ, ಮುರುಕಲು ಅರಬ್ಬಿ.

"ಆ ಎರಡು ತಾಸು ಇಲ್ಲದಿದ್ರ ನಾ ಈ ಊರಾಗ ಹುಚ್ಚಿ ಆಗ್ತಿದ್ನಿ" ಅನ್ನುತ್ತಿದ್ದರು.

ಒಮ್ಮೆ ನಾನೂ ಹೋದೆ, ಭಕ್ತಿಗಿಂತ ಬಿರಿಯಾನಿಗೆ. ಆ ಕೂಟದಲ್ಲಿ ಪ್ರಸಂಗ ಮಾಡಿ ಬೈಬಲ್ ಬೋಧಿಸುವವರು ಗಂಡಸರು. ಹೆಂಗಸರು ಹಾಡಬಹುದು, ಸಾಕ್ಷಿ ಹೇಳಬಹುದು. ಅಂದರೆ ಆ ವಾರ ದೇವರು ತಮಗೆ ಮಾಡಿದ ಉಪಕಾರ. ವೀಸಾ ಸಿಕ್ಕಿತು, ಮಗ ಪಾಸಾದ, ಹೀಗೆ. ಸಿಸ್ಟರ್ ಎದ್ದು ನಿಂತರು.

"ಈ ವಾರ ನನಗೇನೂ ಆಗಿಲ್ರಿ. ಆದ್ರ ಬೈಬಲ್ದಾಗ ಐತಿ, ಮೊದಲಿನ ಸಭೆ ಕಾಲಕ್ಕ ಕೈಸರೈಯ ಅನ್ನೋ ಊರಾಗ ಒಂದು ಆಗೇತಿ. ಸುವಾರ್ತೆ ಸಾರೋ ಫಿಲಿಪ್ಪನ ನಾಲ್ಕೂ ಹೆಣ್ಮಕ್ಕಳು ಪ್ರವಾದಿನಿಯರಿದ್ರು. ದೇವರ ಮಾತು ಅವರ ಬಾಯಾಗ ಬರ್ತಿತ್ತು. ಅದೇ ಮನಿಗೆ ಹೊರಗಿಂದ ಒಬ್ಬ ಗಂಡಸು ಪ್ರವಾದಿ ಬಂದ. ಅವ ಆಡಿದ್ದನ್ನ ಬರದಿಟ್ಟಾರ. ಮನಿ ಹುಡುಗ್ಯಾರು ಏನಂದ್ರು? ಒಂದಕ್ಷರ ಇಲ್ಲ!"

"ಸಿಸ್ಟರ್, ಸಾಕ್ಷಿ ಹೇಳಿ ಮಾರಾಯ್ರೆ. ಪ್ರಸಂಗ ಎಲ್ಲ ಬೇಡ, ಖಲಾಸ್" ಎಂದರು ಉಡುಪಿ ಕಡೆಯ ಹಿರಿಯರು.

ಸಿಸ್ಟರ್ ನಿಲ್ಲಿಸಲಿಲ್ಲ. ಹಿರಿಯರು ಕಂಜಿರ ಎತ್ತಿಕೊಂಡು ಬಾರಿಸುತ್ತ ಹಾಡು ಶುರುಮಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಸ್ಟರ್ ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ.

ಮುಂದಿನ ಶುಕ್ರವಾರ ಕಾರು ಬರಲಿಲ್ಲ. ಹಿರಿಯರ ಹೆಂಡತಿ ಫೋನ್ ಮಾಡಿದರು. "ಸುಮ್ಮನೆ ಹಾಡಿಕೊಂಡು ಇರ್ತೇನೆ ಅಂತ ಒಂದು ಮಾತು ಹೇಳಿಬಿಡಿ ಅಕ್ಕ. ಇವರು ಕಾರು ಕಳಿಸ್ತಾರೆ."

"ಬರ್ತೀನಿ ತಂಗಿ. ಆದ್ರ ಸಾಕ್ಷಿ ಕೇಳಿದ್ರ ಮತ್ತ ಅದನ್ನ ಹೇಳ್ತೀನಿ."

ಕಾರು ಮತ್ತೆ ಬರಲೇ ಇಲ್ಲ. ಹಟವೆಂದು ಕರೆಯಿರಿ, ಅದಕ್ಕೆ ಅವರು ತೆತ್ತ ಬೆಲೆ ನಾನು ಕಂಡಿದ್ದೇನೆ. ಪ್ರತಿ ಶುಕ್ರವಾರ ಇಸ್ತ್ರಿ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಒಂದು ದಿನ ಟೀ ಮಾಡಲು ಹೋದ ನನ್ನನ್ನು ಹಿಡಿದು ಕೂರಿಸಿಕೊಂಡರು. ಅಂದಿನಿಂದ ನಾನೇ ಅವರ ಸಭೆ. ತೂಕಡಿಸಿದರೆ ಮಂಡಿಗೆ ತಟ್ಟಿ ಎಬ್ಬಿಸುತ್ತಿದ್ದರು.

"ಕೊರಿಂಥದ ಸಭೆಯಾಗ ಪ್ರವಾದಿಸೋ ಹೆಂಗಸರು ತಲಿ ಮುಚ್ಚಬೇಕೋ ಬ್ಯಾಡೋ ಅಂತ ಜಗಳ ಬಂತು. ಅಂದ್ರ ಬಾಯಿ ತೆರದಿದ್ರು ಅಂತಾತಲ್ಲ!" ಎಂದು ಹೇಳಿ ತಾವೇ ನಗುತ್ತಿದ್ದರು.

ಆದರೆ ನಾನು ಅವರ ಜನವಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಪ್ರಾರ್ಥನೆ ಮುಗಿಸಿ ಅವರು ಕಿಟಕಿಯಿಂದ ಪಾರ್ಕಿಂಗ್ ನೋಡುತ್ತ ನಿಲ್ಲುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಕ್ಲಿನಿಕ್ಕಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ದೇಹ ಬೆಟಗೇರಿಗೆ ಹೋಯಿತು. ಕರಾಮಾದಲ್ಲಿ ಸ್ಮರಣೆಯ ಪ್ರಾರ್ಥನೆ ಇಟ್ಟು ನನ್ನನ್ನೂ ಕರೆದರು. ಹಿರಿಯರು ನಿಜವಾಗಿಯೂ ಕಣ್ಣೊರೆಸಿಕೊಂಡು ಹೇಳಿದರು: "ನಮ್ಮ ಸಿಸ್ಟರ್ ಮೌನವಾಗಿ ಸೇವೆ ಮಾಡಿದವರು."

ನನಗೆ ಮೈಯೆಲ್ಲ ಉರಿಯಿತು. ಆಫೀಸಿನ ಮೀಟಿಂಗಿನಲ್ಲೂ ತಲೆಯಾಡಿಸಿ ಸುಮ್ಮನಾಗುವವಳು, ಎದ್ದು ನಿಂತೆ.

"ನಾನು ನಿಮ್ಮ ಸಭೆಯವಳಲ್ಲ. ಆದ್ರೆ ಸಿಸ್ಟರ್ ಮೌನವಾಗಿರ್ಲಿಲ್ಲ. ಅವರು ಹೇಳಿದ್ದೆಲ್ಲ ನನಗೆ ನೆನಪಿದೆ. ಹೇಳ್ಲಾ?"

ಹಿರಿಯರ ಹೆಂಡತಿ ಗಂಡನ ಕಡೆ ನೋಡದೆ ನನ್ನತ್ತ ತಿರುಗಿ ಕುಳಿತರು. ನಾನು ಹೇಳತೊಡಗಿದೆ.