ನಾನು ಹೋಗದ ಮಧ್ಯಾಹ್ನ

ದೆವ್ವ, ಶಕುನ, ಕಾಣದ ಕೈ ಇವನ್ನೆಲ್ಲ ನಾನು ನಂಬಿದವಳಲ್ಲ. ನರ್ಸಿಂಗ್ ಓದಿ, ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದು, ಆಮೇಲೆ ಪಾಠ ಹೇಳಲು ನಿಂತವಳು. ಸತ್ತವರ ಮೈ ಒರೆಸಿದ್ದೇನೆ, ಶವಾಗಾರದ ಪಕ್ಕದ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದಿದ್ದೇನೆ. ಯಾರಾದರೂ ಇಂಥ ಕಥೆ ಶುರುಮಾಡಿದರೆ, ‘ನಿದ್ದೆ ಸಾಕಾಗಿಲ್ಲ, ಹೋಗಿ ಮಲಗಿ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ನೀವೂ ನನಗೆ ಅದನ್ನೇ ಹೇಳಿದರೆ ಬೇಜಾರಿಲ್ಲ. ಆ ದಿನಗಳಲ್ಲಿ ನನಗೆ ನಿದ್ದೆ ಸಾಕಾಗುತ್ತಿರಲಿಲ್ಲ ಎಂಬುದಂತೂ ನಿಜ.

ಮನೆ ವಿಜಯನಗರದಲ್ಲಿ, ಕೆಲಸ ಕೆಂಗೇರಿಯ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ. ಪಿಎಚ್‌.ಡಿ. ಇಲ್ಲದೆ ಮುಂದೆ ಬಡ್ತಿ ಇಲ್ಲ ಎಂದು ಗೊತ್ತಾದ ಮೇಲೆ, ಮಗಳು ಹೈಸ್ಕೂಲಿಗೆ ಬಂದ ವಯಸ್ಸಿನಲ್ಲಿ ನಾನೂ ವಿದ್ಯಾರ್ಥಿಯಾದೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗದಂತೆ ಮನೆಯವರೇ ನೋಡಿಕೊಳ್ಳುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಅರ್ಧ ಮನೆಗಳಿಗೆ ಹೋಗಿ ಕಲಿಸಬೇಕು, ಇನ್ನರ್ಧ ಮನೆಗಳಿಗೆ ಹೋಗಿ ಸುಮ್ಮನೆ ನೋಡಿ ಬರಬೇಕು. ಈ ಎರಡನೆಯ ಗುಂಪಿಗೆ ಅಧ್ಯಯನ ಮುಗಿದ ಮೇಲಷ್ಟೇ ಪಾಠ. ಕಲಿತವರಿಗೂ ಕಲಿಯದವರಿಗೂ ಏನು ವ್ಯತ್ಯಾಸ ಎಂದು ತೋರಿಸದಿದ್ದರೆ ಅದು ಸಂಶೋಧನೆಯೇ ಅಲ್ಲ.

“ಆ ಮನೆಗಳಲ್ಲಿ ನೀವು ನರ್ಸ್ ಅಲ್ಲ ಕಣಮ್ಮ, ಬರೀ ಕಣ್ಣು” ಎಂದಿದ್ದರು ನನ್ನ ಗೈಡ್ ಮೇಡಂ. ಕೇಳುವಾಗ ಸುಲಭ ಅನ್ನಿಸಿತ್ತು.

ಗೋವಿಂದರಾಜನಗರದ ಒಂದು ಮನೆ ಈ ಎರಡನೆಯ ಗುಂಪಿನಲ್ಲಿತ್ತು. ಶಶಿಕಲಾ ಎಂಬ ಸೊಸೆ, ಮಾತು ನಿಂತುಹೋದ ಅತ್ತೆ. ಗಂಡ ಬೆಳಿಗ್ಗೆಯೇ ಪಾತ್ರೆ ಅಂಗಡಿಗೆ ಹೋಗಿಬಿಡುತ್ತಿದ್ದ. ಶಶಿಕಲಾ ಅತ್ತೆಯನ್ನು ಚೊಕ್ಕಟವಾಗಿ ಇಟ್ಟಿದ್ದಳು, ಹಣೆಗೆ ದಿನಾ ವಿಭೂತಿ ಹಚ್ಚುತ್ತಿದ್ದಳು. ಆದರೆ ಮಗ್ಗುಲು ಬದಲಿಸುವಾಗ ತೋಳಿಗೆ ಕೈ ಹಾಕಿ ದರದರ ಎಳೆಯುತ್ತಿದ್ದಳು. ಬೆನ್ನ ಕೆಳಗೆ ಚರ್ಮ ಕೆಂಪಾಗತೊಡಗಿತ್ತು. ಡಾಕ್ಟರಿಗೆ ತೋರಿಸಿ ಎನ್ನಲು ನಿಯಮದಲ್ಲಿ ಅವಕಾಶವಿತ್ತು, ಹೇಳಿದೆ. ಅವರು ಮುಲಾಮು ಬರೆದುಕೊಟ್ಟರಂತೆ. ಆದರೆ ಎಳೆಯುವುದು ನಿಲ್ಲದೆ ಮುಲಾಮು ಹಚ್ಚಿ ಏನು ಪ್ರಯೋಜನ? ಇನ್ನು ಸ್ವಲ್ಪ ದಿನಕ್ಕೆ ಅದು ಒಡೆದು ಹುಣ್ಣಾಗುತ್ತದೆ ಎಂದು ನನಗೆ ಗೊತ್ತಿತ್ತು. ಹುಣ್ಣಾದರೆ ಆ ವಯಸ್ಸಿನಲ್ಲಿ ಉಳಿಯುವುದು ಕಷ್ಟ.

ಮುಂದಿನ ವಾರವೆಲ್ಲ ಅದೇ ಯೋಚನೆ. ಪಾಠ ಮಾಡುವಾಗ, ಸೊಪ್ಪು ಬಿಡಿಸುವಾಗ ಆ ಬೆನ್ನೇ ಕಣ್ಣ ಮುಂದೆ. ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಥೀಸಿಸ್ ಹಾಳಾಗಿ ಹೋಗಲಿ, ಇವತ್ತು ಹೋಗಿ ಹೇಳಿಕೊಟ್ಟೇ ಬಿಡುತ್ತೇನೆ ಎಂದು ನಿರ್ಧರಿಸಿ ಕೆಂಗೇರಿಯಲ್ಲಿ ಮೆಟ್ರೊ ಹತ್ತಿದೆ. ಸೀಟು ಸಿಕ್ಕಿತು. ವಿಜಯನಗರದಲ್ಲಿ ಇಳಿಯಬೇಕಿತ್ತು; ಅದಕ್ಕೂ ಮೊದಲಿನ ದೀಪಾಂಜಲಿ ನಗರ ಬಂತು ಎಂಬ ದನಿ ಕೇಳಿದ್ದು ನೆನಪಿದೆ. ಆಮೇಲೆ ಯಾರೋ ಭುಜ ಅಲುಗಿಸಿ, “ಆಂಟಿ, ಲಾಸ್ಟ್ ಸ್ಟಾಪು, ಇಳೀರಿ” ಎಂದಾಗ ಎಚ್ಚರವಾಯಿತು. ಊರಿನ ಇನ್ನೊಂದು ತುದಿಯಲ್ಲಿ, ಆಗ ಮೆಟ್ರೊ ಮುಗಿಯುತ್ತಿದ್ದ ಬೈಯಪ್ಪನಹಳ್ಳಿಯಲ್ಲಿದ್ದೆ. ಕನಸು ಗಿನಸು ಏನೂ ಬಿದ್ದಿರಲಿಲ್ಲ. ರೋಗಿಗಳನ್ನು ಎತ್ತಿ ಇಳಿಸಿದ ದಿನ ಹಿಡಿಯುವ ಹಾಗೆ ಸೊಂಟ ಮಾತ್ರ ಹಿಡಿದುಕೊಂಡಿತ್ತು. ನನ್ನ ಬಗ್ಗೆ ನನಗೇ ಅಳು ಬಂತು. ವಾಪಸ್ ರೈಲು ಹತ್ತಿ ನೇರ ಮನೆಗೆ ಹೋಗಿ ಮಲಗಿಬಿಟ್ಟೆ. ಮತ್ತೆ ಹೋಗುವ ಧೈರ್ಯವೂ ಬರಲಿಲ್ಲ.

ಅಧ್ಯಯನದ ಲೆಕ್ಕದ ಪ್ರಕಾರ ಮತ್ತೆ ಆ ಮನೆಗೆ ಹೋಗುವ ದಿನ, ಬೆನ್ನು ಹುಣ್ಣಾಗಿರುತ್ತದೆ ಎಂದುಕೊಂಡೇ ಹೊರಟೆ. ಶಶಿಕಲಾ ನಗುತ್ತಾ ಬಾಗಿಲು ತೆಗೆದಳು.

“ನೋಡಿ ಮೇಡಂ, ನೀವು ಹೇಳಿಕೊಟ್ಟ ಹಾಗೇ ಮಾಡ್ತಾ ಇದೀನಿ. ಕೆಂಪೆಲ್ಲ ಹೋಗಿದೆ.”

“ನಾನು ಏನು ಹೇಳಿಕೊಟ್ಟೆ?”

“ಅಯ್ಯೋ, ಮರ್ತೇ ಹೋಯ್ತಾ? ಅವತ್ತು ಮಧ್ಯಾಹ್ನ ಬಂದಿದ್ರಲ್ಲ! ಕಾಫಿ ಕೊಡ್ತೀನಿ ಕೂತ್ಕೊಳ್ಳಿ ಅಂದ್ರೆ, ಬೇಡ, ಕೂತ್ರೆ ಮತ್ತೆ ಏಳೋಕಾಗಲ್ಲ ಅಂದ್ರಿ.”

ಯಾವತ್ತು ಎಂದು ಕೇಳಿದರೆ, ನಾನು ರೈಲಿನಲ್ಲಿ ನಿದ್ದೆ ಹೋದ ದಿನವನ್ನೇ ಹೇಳಿದಳು. ಕೂತರೆ ಮತ್ತೆ ಏಳೋಕಾಗಲ್ಲ ಎಂಬುದು ನಾನು ಮನೆಯಲ್ಲಿ ದಿನಾ ಸಂಜೆ ಆಡುವ ಮಾತು.

ಹಾಸಿಗೆಯ ಮೇಲೆ, ಅತ್ತೆಯ ಮೈ ಕೆಳಗೆ ಹಳೆಯ ನೂಲಿನ ಸೀರೆ ಮಡಿಸಿ ಹಾಸಿತ್ತು. ಎಳೆಯುವ ಬದಲು ಹಾಗೆ ಸೀರೆ ಹಿಡಿದು ಹೊರಳಿಸುವುದನ್ನು ಯಾವ ನರ್ಸಾದರೂ ಹೇಳಿಕೊಟ್ಟಾಳು. ಆದರೆ ಆ ಸೀರೆಯ ತುದಿಗಳಿಗೆ, ಮೈಗೆ ಒತ್ತದ ಹಾಗೆ ಹೊರಗೆ ಬಿಟ್ಟು, ಗಂಟು ಹಾಕಿತ್ತು. ನನ್ನ ಅಂಗೈ ಬೆವರುತ್ತದೆ, ಬಟ್ಟೆ ಜಾರುತ್ತದೆ. ಅದಕ್ಕೆ ವಾರ್ಡಿನಲ್ಲಿದ್ದಾಗ ನಾನೇ ಮಾಡಿಕೊಂಡಿದ್ದ ಅಭ್ಯಾಸ ಅದು. ನನ್ನ ಪಾಠದಲ್ಲಿ ಅದನ್ನು ಸೇರಿಸಿರಲಿಲ್ಲ, ಇನ್ನೊಂದು ಗುಂಪಿನ ಮನೆಗಳಲ್ಲೂ ತೋರಿಸಿರಲಿಲ್ಲ.

ಗೈಡ್ ಮೇಡಂಗೆ ಎಲ್ಲ ಹೇಳಿದೆ. “ಹೇಳಿಕೊಟ್ಟಿದ್ರೆ ಹೇಳಿಬಿಡಿ ಕಣಮ್ಮ. ನಾನೂ ನರ್ಸೇ, ನಂಗೆ ಅರ್ಥ ಆಗುತ್ತೆ” ಎಂದರು. ನಾನು ಹೋಗಿರಲಿಲ್ಲ ಎಂದೆ. ಪಕ್ಕದ ಬೀದಿಯವರು ಯಾರೋ ಕಲಿಸಿರಬೇಕು ಎಂದು ಅವರೇ ಒಂದು ಕಾರಣ ಹುಡುಕಿಕೊಟ್ಟು ಆ ಮನೆಯನ್ನು ಅಧ್ಯಯನದಿಂದ ಕೈಬಿಟ್ಟರು. ಬದಲಿ ಮನೆ ಹುಡುಕುವಷ್ಟರಲ್ಲಿ ನನ್ನ ಥೀಸಿಸ್ ಮತ್ತಷ್ಟು ಹಿಂದೆ ಬಿತ್ತು. ಅವರು ನನ್ನನ್ನು ನಂಬಲಿಲ್ಲ ಎಂಬ ನೋವು ಇವತ್ತಿಗೂ ಇದೆ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಈಗ ನನ್ನ ಹೆಸರಿನ ಹಿಂದೆ ಡಾಕ್ಟರ್ ಇದೆ. ಅವತ್ತು ಶಶಿಕಲಾ ಯಾರನ್ನೋ ನೋಡಿ ನಾನೆಂದುಕೊಂಡಿರಬಹುದು. ನಾನೇ ನಿದ್ದೆಗಣ್ಣಿನಲ್ಲಿ ಇಳಿದು ಹೋಗಿ ಬಂದು ಮರೆತಿರಬಹುದು ಎಂದೂ ಯೋಚಿಸಿದ್ದೇನೆ. ಆದರೆ ಅಷ್ಟೆಲ್ಲ ಮಾಡಿ ಮತ್ತೆ ರೈಲು ಹತ್ತಿ ಅಷ್ಟು ಹೊತ್ತಿಗೆ ಬೈಯಪ್ಪನಹಳ್ಳಿ ಸೇರಲು ಸಾಧ್ಯವೇ ಇರಲಿಲ್ಲ.

ಒಂದು ಸಂಗತಿಯನ್ನು ಮಾತ್ರ ಗೈಡ್ ಮೇಡಂಗೂ ಹೇಳಿರಲಿಲ್ಲ. ಸೀರೆಯ ಗಂಟು ನೋಡಿದ ಆ ದಿನ, ಬೆನ್ನು ನೋಡಲೆಂದು ನಾನು ಶಶಿಕಲಾಳ ಅತ್ತೆಯ, ಆ ಅಜ್ಜಿಯ ಬಳಿ ಹೋಗಿ ಭುಜದ ಮೇಲೆ ಕೈ ಇಟ್ಟೆ. ಮುಟ್ಟುವ ಮೊದಲು ರೋಗಿಗೆ ಹೇಳಬೇಕು ಎಂದು ಮಕ್ಕಳಿಗೆ ಪಾಠ ಮಾಡುವ ನಾನು, ಗಾಬರಿಯಲ್ಲಿ ಬಾಯಿ ತೆರೆಯುವುದನ್ನೇ ಮರೆತಿದ್ದೆ. ಅಜ್ಜಿ ನನ್ನನ್ನು ನೋಡಿದರು. ಆಮೇಲೆ, ಸ್ವಾಧೀನವಿದ್ದ ಕೈಯಿಂದ ಸ್ವಾಧೀನವಿಲ್ಲದ ಕೈಯನ್ನು ಮೆಲ್ಲಗೆ ಎತ್ತಿ ಎದೆಯ ಮೇಲೆ ಇಟ್ಟುಕೊಂಡು, ನಾನು ಹೊರಳಿಸಲಿ ಎಂದು ಕಾದರು. ನನ್ನ ರೋಗಿಗಳಿಗೆ ನಾನು ಎಲ್ಲಕ್ಕಿಂತ ಮೊದಲು ಕಲಿಸುವುದು ಅದನ್ನೇ.