ಅಳಿಯ ಕೂರಿಸಿಹೋದ ವಾಚ್‌ಮನ್

ಶುಕ್ರವಾರ ಹೊಸಿಲು ತೊಳೆದು, ದೀಪ ಹಚ್ಚಿ, ಕಾಫಿ ಕುಡಿದ ಮೇಲೆ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಅದನ್ನೂ ಗುಡಿಸಬೇಕಲ್ಲ. ಕಂಪ್ಯೂಟರಿನ ರಿಜಿಸ್ಟ್ರಿ ಎಂದರೆ ಹೆದರುವಂಥದ್ದೇನಲ್ಲ. ಆನ್ ಮಾಡಿದ ಕೂಡಲೇ ಯಾವ್ಯಾವ ಪ್ರೋಗ್ರಾಮನ್ನು ಎಬ್ಬಿಸಬೇಕು ಎಂದು ಯಂತ್ರ ತನ್ನೊಳಗೆ ಗುರುತು ಹಾಕಿಕೊಂಡಿರುವ ಜಾಗವೂ ಅದರಲ್ಲಿದೆ. ಕರೆಯದೆ ಬಂದು ಕೂತ ಹೆಸರು ಕಂಡರೆ ಏನೆಂದು ವಿಚಾರಿಸಿ, ಮೊದಲು ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಅಳಿಸುತ್ತೇನೆ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ತಾಳ್ಮೆ ಇದ್ದರೆ ಸಾಕು.

ಒಂದು ಹೆಸರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಗೌರಿ ಹಬ್ಬದ ಬಾಗಿನಕ್ಕೆ ನಾದಿನಿಯನ್ನು ಕರೆದಾಗ ಅವಳ ಗಂಡನೂ ಬಂದಿದ್ದರು. ಒಬ್ಬಟ್ಟಿನ ಊಟ ಮುಗಿಸಿ, "ಅಕ್ಕ, ನಿಮ್ ಕಂಪ್ಯೂಟರ್ ಒಳ್ಳೆ ಆಮೆ ಥರ ಆಗಿದೆ, ಕೊಡಿ ಇಲ್ಲಿ" ಎಂದು ಕೂತರು. ಎಲೆಅಡಿಕೆ ತಟ್ಟೆ ಮುಂದಿಟ್ಟು ಪಾಸ್‌ವರ್ಡನ್ನೂ ಹೇಳಿದೆ. ಮನೆಯ ಅಳಿಯ ಏನಾದರೂ ಮಾಡುವಾಗ ಪಕ್ಕದಲ್ಲಿ ನಿಂತು ಇಣುಕುವುದು ನಮ್ಮಲ್ಲಿಲ್ಲ. ಏಳುವಾಗ ಒಂದು ಹೆಸರು ತೋರಿಸಿ, "ಇದೊಂದನ್ನ ತೆಗೀಬೇಡಿ ಅಕ್ಕ. ಇದೇ ನಿಮ್ಮನೆ ವಾಚ್‌ಮನ್" ಎಂದರು. ಅಳಿಯ ಇಟ್ಟದ್ದು ಎಂದು ಪ್ರತಿ ವಾರವೂ ಅದನ್ನು ಬಿಟ್ಟು ಉಳಿದದ್ದನ್ನು ಗುಡಿಸುತ್ತಿದ್ದೆ.

ನಾದಿನಿ ಇರುವುದು ಜಾಲಹಳ್ಳಿಯಲ್ಲಿ. ಟೀಚರ್ ಕೆಲಸಕ್ಕೆ ಓದಿದವಳು. ಮದುವೆಯಾದ ಮೇಲೆ ಗಂಡ ಕೆಲಸಕ್ಕೆ ಕಳಿಸಲಿಲ್ಲ. ಅವಳ ಫೋನನ್ನು ದಿನಾ ಊಟಕ್ಕೆ ಕೂತಾಗ ಇಸಿದುಕೊಂಡು ನೋಡುತ್ತಾರೆ. ಮೈಸೂರಿನ ಒಂದು ಶಾಲೆಯಲ್ಲಿ ಕೆಲಸವಿದೆ, ಇರಲು ಕ್ವಾರ್ಟರ್ಸೂ ಕೊಡುತ್ತಾರೆ ಎಂದು ತಿಳಿದಾಗ, ಹಪ್ಪಳ ಒತ್ತುವ ನೆಪ ಹೇಳಿ ಯಲಹಂಕದ ನಮ್ಮ ಮನೆಗೆ ಬಂದು ನನ್ನ ಕಂಪ್ಯೂಟರಿನಿಂದ ಅರ್ಜಿ ಕಳಿಸಿದಳು.

"ಅತ್ತಿಗೆ, ಇದು ಕ್ಲೀನಾಗಿದೆ ತಾನೇ?"

"ನನ್ನ ಅಡುಗೆಮನೆಗಿಂತ ಕ್ಲೀನು ಕಣೇ."

ಇನ್ನೊಂದು ನೆಪದಲ್ಲಿ ಬಂದಾಗ ಇಂಟರ್ವ್ಯೂಗೆ ಕರೆ ಬಂದಿರುವುದನ್ನು ಅಲ್ಲೇ ತೆರೆದು ನೋಡಿದಳು. ನಮ್ಮವರಿಗೂ ಹೇಳಿರಲಿಲ್ಲ ನಾವು.

ಮರುದಿನ ಸೊಪ್ಪು ಬಿಡಿಸುತ್ತಿದ್ದೆ. ಅವಳ ಗಂಡನ ಫೋನು. "ಏನ್ ಅಕ್ಕ ಸಮಾಚಾರ? ಮೈಸೂರಲ್ಲಿ ಈಗ ಚಳಿ ಜಾಸ್ತಿನಾ? ಯಾರೋ ಹೋಗೋರಿದ್ದಾರಂತೆ, ಅದಕ್ಕೇ ಕೇಳ್ದೆ." ನಕ್ಕು ಇಟ್ಟುಬಿಟ್ಟರು.

ಕೈಯಲ್ಲಿದ್ದ ದಂಟು ಹಾಗೇ ಉಳಿಯಿತು. ಹೋಗಿ ಆ ವಾಚ್‌ಮನ್ ಎಲ್ಲಿ ಕೂತಿದೆ ಎಂದು ಹುಡುಕಿದೆ. ಹೆಸರು ತೋರಿಸಿದ ದಾರಿ ಹಿಡಿದು ಹೋದರೆ ಒಂದು ಫೋಲ್ಡರು. ಅದರ ತುಂಬ ನಮ್ಮ ಕಂಪ್ಯೂಟರ್ ಪರದೆಯ ಚಿತ್ರಗಳು, ಒಂದೊಂದೂ ಅವರಿಗೆ ಹೋಗಿದ್ದವು. ಅವಳ ಅರ್ಜಿ, ಇಂಟರ್ವ್ಯೂ ಕರೆ. ಅವುಗಳಿಗಿಂತ ಹಿಂದಿನದು, ಎದೆಯಲ್ಲಿ ಗಂಟು ಸಿಕ್ಕಾಗ ಗಂಡನಿಗೂ ಹೇಳದೆ ನಾನು ಹೆದರಿ ಇಂಟರ್ನೆಟ್ಟಿನಲ್ಲಿ ಹುಡುಕಿದ್ದು. ಡಾಕ್ಟರು ಅದು ಬರೀ ಕೊಬ್ಬಿನ ಗಂಟು ಎಂದಿದ್ದರು. ಆ ದಿನಗಳಲ್ಲೇ ಈತ ಬಂದು, "ಆರೋಗ್ಯ ನೋಡ್ಕೊಳ್ಳಿ ಅಕ್ಕ" ಎಂದಾಗ ಎಷ್ಟು ಅಂತಃಕರಣ ಎಂದುಕೊಂಡಿದ್ದೆ! ಯಾರೂ ಇಲ್ಲದ ಮನೆಯಲ್ಲಿ ಸೆರಗನ್ನು ಎಳೆದು ಹೊದ್ದುಕೊಂಡೆ.

ಫೋನಿನಲ್ಲಿ ಹೇಳುವಂತಿಲ್ಲ. ಹುಳಿಪುಡಿ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಅವಳ ಅಡುಗೆಮನೆಯಲ್ಲಿ ಮಿಕ್ಸಿ ಓಡಿಸಿಕೊಂಡೇ ಹೇಳಿದೆ. ಅವಳು ಕಿವಿಯ ಹತ್ತಿರ ಬಂದು ಕೇಳಿದಳು.

"ತೆಗೆದ್‌ಬಿಟ್ರಾ?"

"ಇಲ್ಲ ಕಣೇ, ಕೈಯೇ ಬರ್ಲಿಲ್ಲ."

"ತೆಗೀಬೇಡಿ ಅತ್ತಿಗೆ. ತೆಗೆದ್ರೆ ಗೊತ್ತಾಗುತ್ತೆ, ನನ್ನನ್ನ ಮನೆಯಿಂದಾನೇ ಆಚೆ ಬಿಡಲ್ಲ. ನಾನು ಮೈಸೂರು ಆಸೆ ಬಿಟ್ಟೆ ಅಂತ ನಿಮ್ಮ ತಂಗಿಗೆ ಒಂದು ಮೇಲ್ ಹಾಕಿ. ಓದ್ಲಿ."

ಮನೆಗೆ ಬಂದು, ಕಳ್ಳ ಒಳಗಿದ್ದಾನೆ ಎಂದು ಗೊತ್ತಿದ್ದೂ ಅವನೆದುರೇ ಕೂತು ಅಕ್ಷರ ಅಕ್ಷರ ಒತ್ತಿದೆ. ನಾನು ಬುದ್ಧಿ ಹೇಳಿದೆ, ಅವಳು ಕೇಳಿದಳು ಎಂದು ಬರೆದೆ. ಸಂಜೆಯೇ ಅವರ ಫೋನು ಬಂತು. "ಅಕ್ಕ, ನೀವಿರೋದಕ್ಕೆ ನಮ್ಮ ಸಂಸಾರ ನೆಟ್ಟಗಿದೆ." ಇಷ್ಟು ನಾಚಿಕೆಯಿಲ್ಲದೆ!

ಇಂಟರ್ವ್ಯೂ ದಿನ ಅವರು ಡ್ಯೂಟಿಗೆ ಹೋದ ಮೇಲೆ ನಾದಿನಿ ಯಶವಂತಪುರದಲ್ಲಿ ರೈಲು ಹತ್ತಿದಳು. ಮಧ್ಯಾಹ್ನ ಶಾಲೆಯ ಆಫೀಸಿನಿಂದ ಮಾತಾಡಿದಳು. "ಸಿಕ್ತು ಅತ್ತಿಗೆ. ಇವತ್ತೇ ಕ್ವಾರ್ಟರ್ಸ್ ಕೊಡ್ತಾರಂತೆ. ನಾನು ವಾಪಸ್ ಬರಲ್ಲ." ಹೋಗಿ ಬರುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ಆಮೇಲೆ ಆ ಪ್ರೋಗ್ರಾಮನ್ನು ಬುಡಸಮೇತ ಕಿತ್ತು, ರಿಜಿಸ್ಟ್ರಿಯಲ್ಲಿದ್ದ ಅದರ ಹೆಸರನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿದೆ.

ಕತ್ತಲಾಗುವ ಹೊತ್ತಿಗೆ ಅವರ ಫೋನು ಬಂತು. ಮನೆಗೆ ಬೀಗ ಕಂಡಿರುತ್ತಾರೆ, ಹೆಂಡತಿ ಎಲ್ಲಿ ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ಯೋಚಿಸುತ್ತಲೇ ಎತ್ತಿದೆ.

"ಅಕ್ಕ, ನಿಮ್ ಕಂಪ್ಯೂಟರ್‌ಗೆ ಏನಾಯ್ತು? ಮಧ್ಯಾಹ್ನದಿಂದ ಏನೂ ಕಾಣಿಸ್ತಿಲ್ಲ."

"ನಾನೇ ತೆಗೆದೆ ಅಣ್ಣ" ಎಂದೆ. ನಾದಿನಿಯ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಫೋನಿಡುವವರೆಗೂ ಬರಲಿಲ್ಲ.